ಗುಂಡಿ ಡಬ್ಬಿ

ದುರ್ಗಿಗುಡಿಯ ಅಡ್ಡರಸ್ತೆ, ಮೆಟ್ಟಿಲ ಕೆಳಗಿನ ಅಂಗಡಿ.
ಒಂದು ಮೆಷಿನ್ನು, ಒಂದು ಸ್ಟೂಲು,
‘ಮಂಗಳವಾರ ರಜಾ’ ಎಂಬ ರಟ್ಟು,
ಗಿರಾಕಿಗಳೆಲ್ಲರ ಅಳತೆ ಬರೆದಿಟ್ಟ ಉದ್ದ ಪುಸ್ತಕ.

ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಗುಂಡಿಗಳು:
ಕೆನೆ, ತಿಳಿಗುಲಾಬಿ, ಎರಡು ತೂತಿನವು, ನಾಲ್ಕು ತೂತಿನವು.
ತಳದಲ್ಲಿ ನನ್ನ ಮಾತ್ರೆ.
ಪಕ್ಕದ ಫೋಟೋ ಫ್ರೇಮಿನವರ ಮಗು ಒಮ್ಮೆ ಕೆದಕಿ ತೆಗೆದು
‘ಆಂಟೀ, ಇದಕ್ಕೆ ತೂತೇ ಇಲ್ಲ’ ಅಂದಿತ್ತು.
ಇಸಕೊಂಡು ಹೇಳಿದೆ:
ಇವನ್ನು ಒಳಗಡೆ ಹಾಕಿಕೋಬೇಕು ಪುಟ್ಟಾ.

ಗುಂಡಿ ಅಂದರೆ ಹಾಕಿಕೊಳ್ಳುವುದೂ ಹೌದು,
ಬೀಳುವುದೂ ಹೌದು.
ನಾನು ಬಿದ್ದದ್ದು ಇಪ್ಪತ್ತಾರಕ್ಕೆ.
ಅದಕ್ಕೆ ಮುಂಚೆ ಹಾರಿದ್ದೆ,
ಅದನ್ನು ಯಾರೂ ಕಾಯಿಲೆ ಅನ್ನಲಿಲ್ಲ.
ಮೂರು ರಾತ್ರಿ ಕಣ್ಣು ಮುಚ್ಚದೆ ಹನ್ನೊಂದು ರವಿಕೆ ಮುಗಿಸಿದಾಗ
ಕೈಯೋ ಯಂತ್ರವೋ ಎಂದು ಹೊಗಳಿದರು.
ನಾಲ್ಕನೇ ರಾತ್ರಿ ಸೇತುವೆಯ ಮೇಲೆ ನಿಂತು
ತುಂಗೆಗೆ ಟೇಪು ಇಳಿಬಿಟ್ಟು
‘ಇವಳಿಗೊಂದು ಲಂಗ ಹೊಲೀಬೇಕು, ಎಷ್ಟು ಮೀಟರು ಬೇಕಾದೀತು?’
ಎಂದು ಹೋಗುವವರನ್ನೂ ಬರುವವರನ್ನೂ ಕೇಳಿದಾಗ
ಹೆಸರಿಟ್ಟರು.

ತಾಯಿತ. ನಿಂಬೆಹಣ್ಣು. ಮೂರು ಅಮಾವಾಸ್ಯೆ.
ಕೊನೆಗೆ ಅಣ್ಣ ದತ್ತೋಬ, ಮುಖಕ್ಕೆ ಕರ್ಚೀಫು ಕಟ್ಟಿ
(ನನ್ನ ಮುಖಕ್ಕಲ್ಲ, ಅವನದಕ್ಕೆ)
ಸ್ಕೂಟರಿನಲ್ಲಿ ಮೆಗ್ಗಾನಿಗೆ ಕರೆದುಕೊಂಡು ಹೋದ.

‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’
ದೊಡ್ಡಪ್ಪನಿಗೆ ಬಲು ಪ್ರಿಯವಾದ ಗಾದೆ.
ಈಗ ಮಾತು ಅದರ ಹತ್ತಿರ ಬಂತೆಂದರೆ
ಮನೆಮಂದಿಗೆಲ್ಲ ಒಟ್ಟಿಗೇ ಕೆಮ್ಮು.

ತಂಗಿಯನ್ನು ನೋಡಲು ಬಂದ ದಿನ
ನನ್ನನ್ನು ಭದ್ರಾವತಿಯ ಚಿಕ್ಕಮ್ಮನ ಮನೆಗೆ ಕಳಿಸಿದ್ದರು.
ಅವಳುಟ್ಟ ಸೀರೆಗೆ ರವಿಕೆ ನನ್ನದೇ ಹೊಲಿಗೆ.
‘ಎಷ್ಟು ಚೆನ್ನಾಗಿ ಕೂತಿದೆ, ಯಾರು ಹೊಲಿದದ್ದು?’
ಗಂಡಿನ ತಾಯಿ ಕೇಳಿದರಂತೆ.
‘ಟೈಲರು’ ಅಂದಳಂತೆ ಅಮ್ಮ.
ಸುಳ್ಳೇನಲ್ಲ.

‘ಸ್ವಲ್ಪ ಲೂಸು ಇರಲಿ’
ದಿನಕ್ಕೆ ಹತ್ತು ಜನ ಅನ್ನುತ್ತಾರೆ,
ಅಂದವರೇ ಥಟ್ಟನೆ ನಾಲಿಗೆ ಕಚ್ಚಿಕೊಳ್ಳುತ್ತಾರೆ.
ನಾನು ಸುಮ್ಮನೆ ಬರೆದುಕೊಳ್ಳುತ್ತೇನೆ.
ಹೇಗೂ ಪ್ರತಿ ಹೊಲಿಗೆಯ ಒಳಗೆ
ಅರ್ಧ ಇಂಚು ಬಟ್ಟೆ ಬಿಟ್ಟಿರುತ್ತೇನೆ, ಕೇಳದಿದ್ದರೂ.
ಮೈ ಯಾವಾಗ ಏನಾಗುತ್ತದೋ.

ವಿಮಾ ಕಚೇರಿಯ ಜಲಜಾಕ್ಷಿ ಮೇಡಂ
ಮೂರು ವರ್ಷದ ಹಿಂದೆ ಕೊಟ್ಟ ಬಟ್ಟೆ ವಾಪಸು ಒಯ್ದಿದ್ದರು.
‘ಕತ್ತರಿ ಹಿಡಿಯೋ ಕೈ, ಹೇಳೋಕಾಗಲ್ಲ ನೋಡಿ’
ಎಂದದ್ದು ನನಗಲ್ಲ, ಹೂವಿನವಳಿಗೆ.
ಹೂವಿನವಳು ನನಗೆ.

ಹೋದ ಮಂಗಳವಾರ ಆಸ್ಪತ್ರೆಯಲ್ಲಿ
ಬೆಂಚಿನ ಆ ತುದಿಗೆ ಅವರು, ಈ ತುದಿಗೆ ನಾನು,
ನಡುವೆ ಯಾರದೋ ನೆನೆದ ಕೊಡೆ.
ಅವರು ಗೋಡೆಯ ಕ್ಯಾಲೆಂಡರನ್ನೇ ಓದಿದರು,
ಏಕಾದಶಿ, ಸಂಕಷ್ಟಿ, ಎಲ್ಲ.
ನಾನು ಅವರ ತೋಳು ನೋಡಿದೆ:
ಎರಡಿಂಚು ಸಡಿಲ.
ಎಷ್ಟು ತಿಂಗಳಿಂದ ಅನ್ನ ಸೇರುತ್ತಿಲ್ಲ ಎಂದು
ಪುಸ್ತಕ ತೆಗೆಯದೆಯೂ ಗೊತ್ತಾಯಿತು.

ನಿನ್ನೆ ಷಟರ್ ಎಳೆಯುವ ಹೊತ್ತಿಗೆ ಬಂದರು.
‘ಎಲ್ಲಾ ಲೂಸಾಗಿದೆ’ ಅಂದರು.
ನಾಲಿಗೆ ಕಚ್ಚಿಕೊಳ್ಳಲಿಲ್ಲ.
ಟೇಪು ಸುತ್ತಿದೆ. ಮೂವತ್ತೆರಡು.
ಬರೆದುಕೊಳ್ಳುವಾಗ ಬೆನ್ನ ಹಿಂದಿನಿಂದ,
ಮೆಷಿನ್ನಿಗೆ ಕೇಳುವ ಹಾಗೆ:
‘ಊಟಕ್ಕೆ ಮುಂಚೆಯೋ, ಆಮೇಲೋ?’

‘ಆಮೇಲೆ’ ಅಂದೆ.
‘ಮೊದಮೊದಲು ಕೈ ನಡುಗುತ್ತೆ. ಸೂಜಿಗೆ ದಾರ ಪೋಣಿಸಲಾಗದೆ
ನಾನು ಇಲ್ಲೇ, ಈ ಸ್ಟೂಲಿನ ಮೇಲೆ ಕೂತು ಅತ್ತಿದ್ದೀನಿ.’

ಅವರು ಸ್ಟೂಲನ್ನು ನೋಡಿದರು.
ಕೂತರು.
ಡಬ್ಬಿ ಹತ್ತಿರ ಎಳೆದುಕೊಂಡು
ಒಂದು ಗುಂಡಿ ಆರಿಸಲು ಬಹಳ ಹೊತ್ತು ತೆಗೆದುಕೊಂಡರು.

‘ಯಾವಾಗ ಕೊಡ್ತೀರಿ?’
‘ಮಂಗಳವಾರ’ ಅಂದೆ.
ರಟ್ಟು ಅವರ ತಲೆಯ ಮೇಲೇ ತೂಗುತ್ತಿತ್ತು.
‘ಆಗಲಿ’ ಅಂದರು.