ತಲೆ ಕೊಳ್ಳಲು ಹೋದದ್ದು

ವಿದರ್ನ್‌ಸೀ ಪೇಟೆಯಲ್ಲಿ, ಮೀನು ಕರಿಯುವ ಅಂಗಡಿಯ ಪಕ್ಕ,
ತಲೆ ಕೊಳ್ಳಲು ಹೋದೆ.
ನಗಬೇಡಿ. ಟ್ರೈಪಾಡಿನ ತಲೆ.
ಕಾಲು ಮೂರೂ ನೆಟ್ಟಗಿವೆ, ಕಾರ್ಬನ್ನಿನವು.
ಹಳೆಯ ತಲೆಯೇ ಭಾರ:
ಒಂದು ಕಿಲೋ ನಾನೂರು ಗ್ರಾಮು,
ಅಡುಗೆಮನೆಯ ತಕ್ಕಡಿಯಿಂದ ರಾಗಿಹಿಟ್ಟು ಇಳಿಸಿ
ತೂಗಿ ನೋಡಿದ್ದೇನೆ.

ಸ್ಪರ್ನಿನ ಮರಳ ನಾಲಗೆ ಮೂರು ಮೈಲಿ.
ಮೊದಲ ಮೈಲಿಯಲ್ಲಿ ಗ್ರಾಮುಗಳು ಬರೀ ಗ್ರಾಮುಗಳು.
ಎರಡನೆಯದರಲ್ಲಿ ಅವು ಒಂದಕ್ಕೊಂದು ಪಿಸುಗುಡುತ್ತವೆ.
ಮೂರನೆಯದರಲ್ಲಿ ಎಡಭುಜ,
ಹೋದ ವರ್ಷ ಮೂರು ತೂತು ಕೊರೆಸಿಕೊಂಡದ್ದು,
ಹೆಸರು ಹಿಡಿದೇ ಕೂಗುತ್ತದೆ:
ಎಲೇ ಪಂಕಜಾಕ್ಷಿ, ಇನ್ನೆಷ್ಟು ದೂರವೇ?

ಅಂಗಡಿಯ ಸ್ಟೇವ್ಲಿ ಮಾತು ಕಮ್ಮಿಯವ.
ಗಾಜಿನ ಮೇಲೆ ನಾಲ್ಕು ತಲೆ ಸಾಲಾಗಿ ಇಟ್ಟ.
ಇನ್ನಾರಿದ್ದರೆ ಲಂಕೆಯೇ ಆಗುತ್ತಿತ್ತು.

ಒಂದು, ಅಂಗೈಯಲ್ಲಿ ಗುಬ್ಬಿ ಕೂತಷ್ಟು ಹಗುರ.
ತಿರುಗಿಸಿದರೆ ತಿರುಗುತ್ತದೆ,
ಕೈ ಬಿಟ್ಟರೆ ತುಸು ಹಿಂದೆ ಸರಿಯುತ್ತದೆ,
ಮಾತು ಕೊಟ್ಟು ಮರುಗಳಿಗೆ ಕೆಮ್ಮುವವರ ಹಾಗೆ.
ಅರವತ್ತು ಪಟ್ಟು ಹಿಗ್ಗಿಸಿದ ಗಾಜಿನಲ್ಲಿ ಆ ತುಸುವೇ ಒಂದು ಹಡಗಿನಗಲ:
ಹಕ್ಕಿ ಹೊರಗೆ, ಬರೀ ನೀರು ಒಳಗೆ.

ಇನ್ನೊಂದು ಸಿನಿಮಾದವರದ್ದು.
ಜೋನಿಬೆಲ್ಲದಲ್ಲಿ ಸೌಟು ಆಡಿಸಿದಂಥ ಸುಖ.
ಎತ್ತಿದೆ, ಇಳಿಸಿದೆ,
ಭುಜ ಬಾಯಿ ತೆರೆಯುವ ಮುಂಚೆ.

ಮತ್ತೊಂದರ ಮೇಲೆ ದಪ್ಪಕ್ಷರದಲ್ಲಿ ‘ಫ್ಲೂಯಿಡ್’.
ಒಳಗೊಂದು ಹನಿಯೂ ಇಲ್ಲ, ಅಂದ ಸ್ಟೇವ್ಲಿ,
ಎರಡು ವಾಷರು, ಉಗುರಿನಷ್ಟು ಗ್ರೀಸು.
ಹೆಸರು ಕ್ಷೀರಸಾಗರ ಭಟ್ಟ,
ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ:
ಇದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲು ಹೋಗಿ
ಕೈಬಿಟ್ಟೆ.

ಕೊನೆಯದನ್ನು
ನನಗಿಂತ ಮೊದಲು ಹೆಬ್ಬೆರಳು ಗುರುತಿಸಿತು.
ಇಪ್ಪತ್ತೊಂಬತ್ತು ವರ್ಷ ಅರಿವಳಿಕೆ ಕೊಟ್ಟ ಹೆಬ್ಬೆರಳು.
ಸಿರಿಂಜಿನಲ್ಲಿ ಹಾಲಿನಂಥ ಮದ್ದು,
ನೂಕಿದಷ್ಟೇ ಹೋಗಬೇಕು, ನಿಲ್ಲಿಸಿದಲ್ಲಿ ನಿಲ್ಲಬೇಕು,
ತುಸು ಎದುರು ಒತ್ತಬೇಕು,
ನಾನಿಲ್ಲಿದ್ದೇನೆ ಎಂಬಷ್ಟು.
ಮಲಗಿದವರು ಹತ್ತರಿಂದ ಹಿಂದಕ್ಕೆ ಎಣಿಸುತ್ತಿದ್ದರು.
ಹತ್ತು, ಒಂಬತ್ತು,
ಎಂಟಕ್ಕೆ ನಾಲಗೆ ಭಾರ,
ಏಳು ದಾಟಿದವರು ಕಡಿಮೆ.

ಚಳಿಯಲ್ಲಿ ನೋಡದೆ ಕೊಳ್ಳಬೇಡಿ, ಎಣ್ಣೆ ಬಿಗಿಯುತ್ತದೆ,
ಅಂತ ಸ್ಟೇವ್ಲಿಯೇ ಬಾಗಿಲು ತೆಗೆದ.
ಜನವರಿಯ ಗಾಳಿಗೆ ಬೆಲೆಪಟ್ಟಿಗಳೆಲ್ಲ ಎದ್ದವು.
ರಸ್ತೆಯಾಚೆ, ಸಮುದ್ರದ ಗೋಡೆಯ ಹತ್ತಿರ,
ನನ್ನದೇ ದುರ್ಬೀನು ಕೂರಿಸಿ
ತಟ್ಟೆಯನ್ನು ಒಂದು ಗೋಧಿಕಾಳಷ್ಟು ಮುಂದೆ,
ಅರ್ಧ ಕಾಳು ಹಿಂದೆ.
ತಿರುಪು ಸಡಿಲಿಸಿ ಎರಡೂ ಕೈ ತೆಗೆದೆ.
ಬಾಗಲಿಲ್ಲ.

ಐನೂರ ಎಂಬತ್ತು ಗ್ರಾಮು. ಬೆಲೆ ಹೇಳಲಾರೆ,
ತಂಗಿ ಕೇಳಿದರೆ ಅರ್ಧ ಹೇಳುವುದೆಂದು ತೀರ್ಮಾನಿಸಿದ್ದೇನೆ.

ಮರುದಿನ ಸ್ಪರ್ನಿನ ತುದಿ.
ಭುಜ ಸುಮ್ಮನಿರಲಿಲ್ಲ, ಗೊಣಗಿತು, ಕೂಗಲಿಲ್ಲ.
ಬೂದಿ ಬಣ್ಣದ ಅಲೆಯ ಮೇಲೆ ಒಂದು ಮುಳುಗುಹಕ್ಕಿ:
ಕೆಂಪು ಕೊರಳಿನದೆಂದು ಹೆಸರು,
ಚಳಿಗಾಲಕ್ಕೆ ಆ ಕೆಂಪೂ ಇಲ್ಲ,
ಇದೂ ಒಬ್ಬ ಕ್ಷೀರಸಾಗರ ಭಟ್ಟ.
ಗಾಜಿನ ನಡುವಿಗೆ ತಂದೆ. ಮುಳುಗಿತು.

ಹತ್ತು, ಒಂಬತ್ತು, ಎಂಟು.
ಸೊನ್ನೆ ಮುಟ್ಟಿ ಮತ್ತೆ ಹತ್ತು.
ಎಲ್ಲರೂ ಎದ್ದರೇ ಎಂದು ಕೇಳುವವರು ಈಗ ಇಲ್ಲ,
ಹಲ್ಲಿನ ಆಸ್ಪತ್ರೆಯ ಆ ಓಣಿಯಲ್ಲಿ
ಬೆಂಚಿನಿಂದ ಏಳುತ್ತಿದ್ದ ಮುಖಗಳು.
ಹೆಚ್ಚುಕಡಿಮೆ ಎಲ್ಲರೂ.
ಮತ್ತೆ ಹತ್ತು.
ಹಿಡಿಯ ಮೇಲೆ ಒಂದೇ ಬೆರಳು,
ಗಾಳಿಗೆ ಕಣ್ಣಲ್ಲಿ ನೀರು,
ನೀರು ಇದ್ದಲ್ಲೇ ಇದೆ, ಅಳ್ಳಾಡದೆ, ವೃತ್ತದೊಳಗೆ,
ಐದನೆಯ ಸುತ್ತಿನ ನಾಲ್ಕಕ್ಕೆ

ಎಡಗಡೆ! ಅಲ್ಲಿ,
ಬೆರಳು ನೂಕಿದಷ್ಟೇ ಕಡಲು ಸರಿಯಿತು,
ಕೊಕ್ಕಿನಲ್ಲಿ ಬೆಳ್ಳಿಯ ಚೂರೊಂದು ಒದ್ದಾಡುತ್ತಿದೆ.