ಮಾವನ ಫೋನು

ಮಾವ ಹೋಗಿ ಮೂರು ವರ್ಷಾತು.
ಅವ್ರ ಫೋನು ಇನ್ನೂ ಜೀವಂತ ಅದ.
ದೇವರ ಜಗಲಿ ಪಕ್ಕದ ಪ್ಲಗ್ಗಿಗೆ ದಿನಾ ಹಚ್ತೀನಿ,
ಇಪ್ಪತ್ತೆಂಟು ದಿನಕ್ಕೊಮ್ಮೆ ರೀಚಾರ್ಜು.
ತಿಥಿ ಮರತೇನು, ಅದನ್ನ ಮರಿಯಂಗಿಲ್ಲ.

ಯಾಕಂದ್ರ ಭೋಸರಿಯ ನಮ್ಮ ಸ್ಪ್ರಿಂಗ್ ಕಾರ್ಖಾನಿ,
ಹದಿನೆಂಟು ಬೈ ನಲವತ್ತರ ತಗಡಿನ ಶೆಡ್ಡು,
ಸರಕಾರದ ಲೆಕ್ಕದಾಗ ಇನ್ನೂ ಅವ್ರದೇ.
ಓಟಿಪಿ ಅವ್ರಿಗೇ ಬರ್ತದ.
ಆರು ಅಂಕಿ, ಹತ್ತು ನಿಮಿಷದ ಆಯುಷ್ಯ.

ನಂಬರ್ ಬದಲಿ ಮಾಡಬೇಕಂದ್ರ
ಹಳೇ ನಂಬರಿಗೆ ಓಟಿಪಿ,
ಜೋಡಿಗೆ ಅರ್ಜಿದಾರರ ಖುದ್ದು ಹಾಜರಿ.
"ಅವ್ರು ಇಲ್ರಿ" ಅಂದೆ.
"ಯಾವಾಗ ಬರ್ತಾರ?" ಅಂದ್ಲು ಕೌಂಟರಿನ ಹುಡುಗಿ
ಪರದೆಯಿಂದ ಕಣ್ಣೆತ್ತದ.
ಸರಿಯಾದ ಮರಾಠಿಯೊಳಗ ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ.
ಹಿಂದಿನ ಸಾಲೆಲ್ಲಾ ಸುಮ್ಮನಾತು.
ಆಕಿ ಪಾಪ, ಮರಣದ ದಾಖಲೆ ತಾನೇ ಏರಿಸಿದ್ಲು.
ಎರಡು ಎಂಬಿಗಿಂತ ದೊಡ್ಡದಾತಂತ
ವಾಪಸ್ ಬಂತು ಮಾವನ ಸಾವು.

ಈಗೆಲ್ಲಾ ಸಸಾರ ಅಂತಾರ. ಏಕಗವಾಕ್ಷಿ,
ಎಲ್ಲಾ ಖಾತೆಗೂ ಒಂದೇ ಕಿಟಕಿ.
ನಮ್ಮ ಶೆಡ್ಡಿಗೂ ಒಂದೇ ಕಿಟಕಿ.
ಶ್ರಾವಣದಾಗ ಬಂದ ಸಾಹೇಬ ಅಂದ:
ಒಳಗ ಭಟ್ಟಿ ಅದ, ಗಾಳಿ ಸಾಲದು, ಇದನ್ನ ದೊಡ್ಡದು ಮಾಡ್ರಿ.
ದಸರಾ ಮುಂದ ಬಂದಾವ ಅಂದ:
ಹೊರಗ ಟ್ರಾನ್ಸ್‌ಫಾರ್ಮರ್ ಅದ, ಬೆಂಕಿ ಒಳಗ ಬಂದ್ರ? ಮುಚ್ಚಿಸ್ರಿ.
ಇಬ್ಬರೂ ಖರೇನ ಹೇಳಿದ್ರು. ಅದೇ ತೊಂದ್ರಿ.
ನಮ್ಮವ್ರು ಅರ್ಧ ಮುಚ್ಚಿಸಿದ್ರು.
ಇಬ್ಬರ ನೋಟೀಸೂ ಒಂದೇ ಟಪಾಲಿನಾಗ ಬಂದ್ವು.

ಹತ್ತೊಂಬತ್ತು ಮಂದಿ ಕೆಲಸಕ್ಕ ಅದಾರ.
ಚಾಕಣದ ಕಂಪನಿ ಆರ್ಡರು ದುಪ್ಪಟ್ಟು ಅಂದಾಗ
ಇನ್ನೊಬ್ಬನ್ನ ತಗೊಳ್ಳೋಣು ಅಂದೆ.
"ಇಪ್ಪತ್ತನೇದವ ಒಬ್ಬನೇ ಬರಂಗಿಲ್ಲ, ಭಾರತಿ,
ದಿಬ್ಬಣ ಕರಕೊಂಡು ಬರ್ತಾನ:
ರಜಿಸ್ಟರು, ರಿಟರ್ನು, ಸಲಹೆಗಾರ, ಅವನ ಫೀಸು,
ಫೀಸಿನ ಮ್ಯಾಲಿನ ಜಿಎಸ್‌ಟಿ."
ನಕ್ಕರು. ಆರ್ಡರು ಬಿಟ್ಟರು.

ಗೇಟಿನಾಗ ನಿಂದರ್ತಾನ ಸೋಪಾನ,
ತುಳಜಾಪುರದ ಕಡೆಯಾವ, ಐಟಿಐ ಫಿಟ್ಟರು.
ಯಾರರೆ ಜ್ವರ ಬಂದು ಮಲಗಿದ್ರ ಒಳಗ ಕರೀತೀವಿ.
ಗಣಪತಿ ಹಬ್ಬದಾಗ ಎಂಟು ದಿನ ದುಡದ,
ಒಂಬತ್ತನೇ ದಿನ ತಾನೇ ಹೊರಗ ಹೋಗಿ ನಿಂತ.
ಆ ರಜಿಸ್ಟರಿನಾಗ ಇರೋದು ಅವನ ಪಿಎಫು,
ಅವನ ದವಾಖಾನಿ. ನನಗ ಗೊತ್ತದ.
ಚಾ ಕೊಡೋವಾಗ ಅವನ ಮಾರಿ ನೋಡಂಗಿಲ್ಲ.

ಮಾವನ ಬಲಗೈಯಾಗ ಎರಡು ಬೆರಳು ಇರಲಿಲ್ಲ.
ಇಂಡಿಯಿಂದ ಬಂದ ಹೊಸದಾಗಿ, ಯಾರದೋ ಪ್ರೆಸ್ಸಿನಾಗ ಹೋಗಿದ್ವು.
ಪರಿಹಾರ ಕೇಳಾಕ ಹೋದ್ರ
ರಜಿಸ್ಟರಿನಾಗ ನಿನ್ನ ಹೆಸರೇ ಇಲ್ಲ ಅಂದಿದ್ರಂತ.
ಈಗ ಹೆಸರು ಅದ.
ಅಳಿಸಾಕ ಬರವಲ್ದು.

ನನಗ ಸ್ಪ್ರಿಂಗು ನೋಡೋದು ಕಲಿಸಿದವ್ರೂ ಅವ್ರೇ,
ಉಳಿದ ಮೂರು ಬೆರಳಿಲೆ:
ಒತ್ತು, ಬಿಡು, ಅಳಿ.
ಮೊದಲಿನ ಉದ್ದಕ್ಕ ತಿರುಗಿ ಬರದಿದ್ರ ಭಂಗಾರಕ್ಕ ಒಗಿ.
ನಮ್ಮವ್ರ ಬೆನ್ನು ನೋಡಿದಾಗ
ಈ ಮಾತು ನೆನಸಬಾರದು ಅನಕೋತೀನಿ.

ಇವತ್ತು ಇಪ್ಪತ್ತನೇ ತಾರೀಖು, ರಿಟರ್ನಿನ ಕಡೀ ದಿನ.
ರಾತ್ರಿ ಹನ್ನೊಂದೂ ನಲವತ್ತು.
ಪರದೆಯ ಮ್ಯಾಲೆ ಚಕ್ರ ತಿರಗಾಕತ್ತದ.
ನಮ್ಮವ್ರು ಗ್ವಾಡಿಗೆ ಒರಗಿ ನಿದ್ದಿ ಹೋಗ್ಯಾರ, ಕೈಯಾಗ ಬಿಲ್ಲಿನ ಕಟ್ಟು.
ಮಗಳು ಜಗಲಿ ಮುಂದ ಫೋನು ಕಾಯಕೋತ ಕುಂತಾಳ.

ಟಿಣ್ ಅಂತು.
"ಅವ್ವಾ, ಅಜ್ಜನ ಮೆಸೇಜು!
ನಾಕು, ಸೊನ್ನಿ, ಏಳು, ಏಳು, ಎರಡು..."
ಕಡೀ ಅಂಕಿ ಒತ್ತೂದರಾಗ
ಸಮಯ ಮೀರಿದೆ, ಮತ್ತೊಮ್ಮೆ ಪ್ರಯತ್ನಿಸಿ.

"ತಡಿಯವ್ವಾ," ಅಂದ್ಲು,
ಫೋನಿನ ಧೂಳು ಫ್ರಾಕಿಗೆ ಒರಸಿ,
"ಅಜ್ಜ ಇನ್ನೊಂದು ಕಳಸ್ತಾನ."