ನಾಲ್ಕು, ನಾಲ್ಕು, ನಾಲ್ಕು

ಹತ್ತೊಂಬತ್ತು ವರ್ಷ ಮುಲಾತ್ಯ ಬರೆದದ್ದು ಒಂದೇ ಅಂಕಿ.
ಮೊಂಬಾಸಾದ ಗೋದಾಮು ಬಿಡುವಾಗ ನಾಲ್ಕು,
ವೋಯಿಯಲ್ಲಿ ನಾಲ್ಕು, ಮ್ತಿತೊ ಅಂದೇಯಲ್ಲಿ ನಾಲ್ಕು,
ನೈರೋಬಿಯ ಗೇಟಿನಲ್ಲಿ, ಬೆಳಗಿನ ಜಾವ, ನಾಲ್ಕು.
ಇನ್ಸುಲಿನ್ ಪೆಟ್ಟಿಗೆಗೆ ಎಷ್ಟು ತಂಪು ಬೇಕೋ ಅಷ್ಟೇ,
ಕಾಪಿ ಪುಸ್ತಕದ ಅಕ್ಷರದ ಹಾಗೆ ದುಂಡಗೆ.

ಆ ಹಾಳೆಗಳಿಗೆ ಮೊಹರು ಒತ್ತುವವಳು ನಾನು, ಮ್ಬೇಯು.
ಒತ್ತಿದೆ. ಫೈಲಿಗೆ ಸೇರಿಸಿದೆ. ಫೈಲಿನ ಮೇಲೆ ಫೈಲು.
ಆಡಿಟ್‌ನವರು ಬಂದಾಗ ಶಹಭಾಸ್‌ಗಿರಿಯೂ ಸಿಕ್ಕಿದ್ದುಂಟು:
ಎಂಥ ಅಚ್ಚುಕಟ್ಟು!
ಗೋಡೆಯಲ್ಲಿ ಗುಣಮಟ್ಟದ ಪ್ರಮಾಣಪತ್ರ,
ಉಪ್ಪುಗಾಳಿಗೆ ತುಕ್ಕು ಹಿಡಿದ ಚೌಕಟ್ಟು,
ಅದರ ಹಿಂದೆ ಸಂಸಾರ ಹೂಡಿದ ಹಲ್ಲಿ.

ಆದರೂ ಮಾಲು ವಾಪಸು ಬರುತ್ತಿತ್ತು.
ನೂರಕ್ಕೆ ಆರು, ಕೆಲವು ತಿಂಗಳು ಒಂಬತ್ತು.
ಮಚಾಕೋಸಿನ ಒಬ್ಬ ನರ್ಸು ಬರೆದ ಕಾಗದ:
ಔಷಧಿ ತಲುಪಿತು. ಕೆಲಸ ಮಾಡಲಿಲ್ಲ.
ಅದಕ್ಕೆ ಯಾವ ಮೊಹರೆಂದು ತಿಳಿಯದೆ
ಮೂರು ದಿನ ಮೇಜಿನ ಖಾನೆಯಲ್ಲಿಟ್ಟೆ.

ಆಮೇಲೆ ಸ್ವಾಲೆ ಸಾಹೇಬರು
ಹುಣಸೆಬೀಜದಷ್ಟು ಯಂತ್ರವೊಂದನ್ನು
ಪೆಟ್ಟಿಗೆಗಳ ನಡುವೆ ಅವಿತಿಟ್ಟು ಕಳಿಸಿದರು.
ಅದಕ್ಕೆ ಕೈಯಿಲ್ಲ, ಆದರೂ ಬರೆಯುತ್ತದೆ.
ಹೆಂಡತಿ ಮಕ್ಕಳಿಲ್ಲ, ಹಾಗಾಗಿ ಸುಳ್ಳು ಬರೆಯುವುದಿಲ್ಲ.
ಪರದೆಯಲ್ಲಿ, ರಾತ್ರಿ ಎರಡು ಹತ್ತಕ್ಕೆ,
ಬಯಲ ನಡುವೆ ಗುಡ್ಡ ಎದ್ದಂತೆ ಗೆರೆ:
ಏಳು. ಹನ್ನೊಂದು. ಹದಿನಾರು.
ಅದೇ ಹೊತ್ತಿಗೆ ಮುಲಾತ್ಯನ ಹಾಳೆಯಲ್ಲಿ ನಾಲ್ಕು.

ನಾವೆಲ್ಲ ನೆಲ ನೋಡಿದೆವು. ಲಾರಿಯ ಕೀಲಿಕೈಯನ್ನು
ಅವನಾಗಲೇ ಮೇಜಿನ ಮೇಲಿಟ್ಟಿದ್ದ.
ಸಾಹೇಬರು ಯಾರು ಎನ್ನಲಿಲ್ಲ.
ಯಾಕೆ ಎಂದರು.

ಯಾಕೆ ಬಿಸಿಯಾಯಿತು?
ಎಂಜಿನ್ ಆರಿಸಿದ್ದೆ.
ಯಾಕೆ?
ಒಂದು ಗಳಿಗೆ ಮಲಗಿದ್ದೆ. ಡೀಸೆಲ್ ಉಳಿಯುತ್ತದೆ.
ಉಳಿಸಿ ನಿನಗೇನು?
ಲೀಟರಿಗೆ ಹನ್ನೆರಡು ಶಿಲಿಂಗು ಬೋನಸ್ಸು.
ಯಾಕೆ, ಬೋನಸ್ಸು ಯಾಕೆ?
ಇದಕ್ಕೆ ಮುಲಾತ್ಯ ಬಾಯಿ ಬಿಡಲಿಲ್ಲ.
ಫ್ಯಾನಿನ ಗಾಳಿಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ
ಪಟಪಟ ಬಡಿದುಕೊಳ್ಳುತ್ತಿತ್ತು.
ಅಡಿಯಲ್ಲಿ ಸಾಹೇಬರದೇ ಸಹಿ, ಹಸಿರು ಶಾಯಿ.

ಆ ಹಾಳೆಯನ್ನು ಅವರೇ ಕಿತ್ತರು. ಗುಂಡುಸೂಜಿ ಸಮೇತ.

ಈಗ ಡೀಸೆಲ್ ಖರ್ಚು ಏರಿದೆ, ಲೆಕ್ಕದವನಿಗೆ ಹೊಟ್ಟೆನೋವು.
ವಾಪಸಾಗುವ ಮಾಲು ನೂರಕ್ಕೆ ಎರಡಕ್ಕಿಂತ ಕಮ್ಮಿ.
ಮೀಟಿಂಗಿನಲ್ಲಿ ಬಣ್ಣ ಬಳಿದು ತೋರಿಸಿದರು, ಚಪ್ಪಾಳೆಯೂ ಆಯಿತು.
ನನಗೆ ಕಂಡ ಬದಲಾವಣೆ ಬೇರೆ:
ಮುಲಾತ್ಯನ ಅಕ್ಷರ ಕೆಟ್ಟಿದೆ.
ಐದು. ನಾಲ್ಕು. ಆರು, ಹೊಡೆದು ಹಾಕಿ ಏಳು.
ಚಹಾದ ಕಲೆಯ ಪಕ್ಕ ಸೊಟ್ಟಗೆ ಒಂದು ಸಾಲು:
ವೋಯಿ ದಾಟಿದ ಮೇಲೆ ಬಾಗಿಲ ರಬ್ಬರು ಸೀಳಿತು,
ಟೇಪು ಸುತ್ತಿದ್ದೇನೆ, ಹೊಸದು ಹಾಕಿಸಿ.

ಮೊಹರು ಕೈಯಲ್ಲಿ ಹಿಡಿದೇ ಅದನ್ನು ಓದಿದೆ.
ಓದಿದೆ ಅಂದೆನಲ್ಲ, ಹನ್ನೊಂದು ವರ್ಷದ ನೌಕರಿಯಲ್ಲಿ
ಅದೇ ಮೊದಲು.
ಅವನನ್ನು ಕೇಳಿದರು, ಅವರನ್ನು ಅವರೇ ಕೇಳಿಕೊಂಡರು.
ಇಷ್ಟು ನಾಲ್ಕುಗಳ ಮೇಲೆ ಕಣ್ಣುಮುಚ್ಚಿ ಒತ್ತಿದವಳನ್ನು
ಯಾಕೆ ಎಂದು
ಯಾರೂ ಕೇಳಲಿಲ್ಲ.